ಶನಿವಾರದ ಬನ್ನು

ಹಾ ರಾಸೆಬೆಲೊ
ಥಾಬಾ-ತ್ಸೇಕಾ, ಲೆಸೊಥೊ
೧೪ ಮೇ ೧೯೯೩

ಪುಲೆಂಗ್‌ಗೆ,

ಮಾತುಮೆಲೊ ಯುಫೆಮಿಯಾ ಮಾಖೇಥಾ ಎಂಬ ನಾನು, ಇಲ್ಲಿನ ಮಿಷನ್ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೇಳು ವರ್ಷ ನಾಲ್ಕು ತಿಂಗಳು ಸೇವೆ ಸಲ್ಲಿಸಿ, ಅದರಲ್ಲಿ ಕೊನೆಯ ಹನ್ನೊಂದು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು, ಈ ಕೆಳಗಿನ ವಿಷಯವನ್ನು ತಿಳಿಯಪಡಿಸುತ್ತೇನೆ. ಸೊಸೆಗೆ ಇದನ್ನೆಲ್ಲ ಬರೆಯಬೇಕೇ ಎಂದು ನಿನಗೆ ಅನ್ನಿಸಬಹುದು. ಪತ್ರ ಬರೆಯುವವರು ತಾವು ಯಾರೆಂದು ಮೊದಲು ಹೇಳಬೇಕು. ನಿನ್ನ ಮಾರ್ಚ್ ತಿಂಗಳ ಪತ್ರದಲ್ಲಿ ದಿನಾಂಕವಿರಲಿಲ್ಲ, ವಿಳಾಸವಿರಲಿಲ್ಲ, ಒಂದು ವಾಕ್ಯಕ್ಕೂ ಪೂರ್ಣವಿರಾಮವಿರಲಿಲ್ಲ. ಮದುವೆಯಾಗಿ ಬಂದ ದಿನ ಈ ಮನೆ ನಿನಗೆ ಮಾಕೆನೆವೆ, ಅಂದರೆ ಕೆನೆವೆಯ ತಾಯಿ, ಎಂದು ಹೆಸರಿಟ್ಟಿತು. ಹುಟ್ಟಲಿದ್ದ ಮೊದಲ ಮಗುವಿಗೆ ಕೆನೆವೆ ಎಂಬ ಹೆಸರು ಅಂದೇ ನಿಶ್ಚಯವಾಗಿತ್ತು. ನೀನು ಪತ್ರದ ಕೊನೆಗೆ ತವರಿನ ಹೆಸರನ್ನು ಬರೆದಿರುವುದರಿಂದ ನಾನೂ ಅದರಿಂದಲೇ ಸಂಬೋಧಿಸಿದ್ದೇನೆ.

ವಿಷಯ ಇಷ್ಟು. ಮಗು ಸರಿಯಾಗಿ ಉಣ್ಣುತ್ತಿಲ್ಲ. ಜೋಳದ ಮುದ್ದೆ ಇಟ್ಟರೆ ಎರಡು ತುತ್ತು, ಸೊಪ್ಪಿನ ಕಡೆ ನೋಡುವುದೂ ಇಲ್ಲ. ಶನಿವಾರ ಬೆಳಿಗ್ಗೆ ಎದ್ದು ಒಲೆಯ ಹತ್ತಿರ ಕೂರುತ್ತಾಳೆ. ನೀನು ಕಬ್ಬಿಣದ ಮಡಕೆಯಲ್ಲಿ ಬೇಯಿಸುತ್ತಿದ್ದ ಮೆತ್ತನೆಯ ಬನ್ನು ಬೇಕಂತೆ. ಅಂಗಡಿಯಿಂದ ತರಿಸಿಕೊಟ್ಟೆ. ಮೂಸಿ ನೋಡಿ ಕೆಳಗಿಟ್ಟಳು.

ನಾನು ಆ ಕೆಲಸ ಕಲಿತವಳಲ್ಲ. ಹಾಸ್ಟೆಲಿನಲ್ಲಿ ಸಿಸ್ಟರುಗಳು ಬೇಯಿಸಿಕೊಟ್ಟರು, ಮದುವೆಯಾದ ಮೇಲೆ ನನ್ನ ಅತ್ತೆ, ಅವರ ನಂತರ ನೀನು. ಅರವತ್ತೆರಡನೆಯ ವಯಸ್ಸಿನಲ್ಲಿ ಕಲಿಯಲು ನಾನು ಸಿದ್ಧಳಿದ್ದೇನೆ. ವಿಧಾನವನ್ನು ಕ್ರಮವಾಗಿ, ಅಳತೆ ಮತ್ತು ಸಮಯಗಳ ಸಹಿತ ಬರೆದು ಕಳಿಸು.

ಇತಿ,
ಮಾತುಮೆಲೊ ಯು. ಮಾಖೇಥಾ

ಲಗತ್ತು: ನಿನ್ನ ಮಾರ್ಚ್ ತಿಂಗಳ ಪತ್ರ, ತಿದ್ದಿದ್ದು.

---

ಮಸೇರು
೨೬ ಮೇ ೧೯೯೩

ಅಮ್ಮನವರಿಗೆ,

ಪುಲೆಂಗ್ ಮಾಡುವ ನಮಸ್ಕಾರಗಳು. ದಿನಾಂಕ ಹಾಕಿದ್ದೇನೆ. ನೀವು ತಿದ್ದಿ ವಾಪಸ್ ಕಳಿಸಿದ ನನ್ನ ಪತ್ರ ಸಿಕ್ಕಿತು. ಕೆಂಪು ಶಾಯಿ ನೋಡಿ ನನ್ನ ಜೊತೆ ಕೋಣೆಯಲ್ಲಿರುವವಳು, ಯಾರಾದರೂ ಮೂಗಿನಲ್ಲಿ ರಕ್ತ ಸುರಿಸಿಕೊಂಡರೇನೆ ಅಂದಳು. ಮಗುವನ್ನು ಕಳಿಸಿ ಎಂದು ನಾನು ಬರೆದಿದ್ದ ಸಾಲಿನಲ್ಲಿ ಎರಡು ತಪ್ಪು ತೋರಿಸಿದ್ದೀರಿ. ತಪ್ಪಿಗೆ ಉತ್ತರ ಸಿಕ್ಕಿತು, ಸಾಲಿಗೆ ಸಿಗಲಿಲ್ಲ.

ಬನ್ನಿಗೆ: ಹಿಟ್ಟು, ನೀಲಿ ಲೋಟದಲ್ಲಿ ನಾಲ್ಕು. ಯೀಸ್ಟ್ ಒಂದು ಪೊಟ್ಟಣ. ಸಕ್ಕರೆ ದೊಡ್ಡ ಚಮಚದಲ್ಲಿ ಎರಡು, ಉಪ್ಪು ಸಣ್ಣದರಲ್ಲಿ ಒಂದು. ಬೆಣ್ಣೆ ಒಂದು ಮೊಟ್ಟೆಯಷ್ಟು. ಬಿಸಿ ನೀರು, ಹಿಟ್ಟು ಕೇಳುವಷ್ಟು. ಚೆನ್ನಾಗಿ ನಾದಿ, ಹೊದಿಸಿ ಮಲಗಿಸಬೇಕು. ಎರಡರಷ್ಟಾದ ಮೇಲೆ ಗುದ್ದಿ, ಉಂಡೆ ಕಟ್ಟಿ, ಮಡಕೆಗೆ ಬೆಣ್ಣೆ ಸವರಿ ಒಂದಕ್ಕೊಂದು ತಾಗುವಂತೆ ಜೋಡಿಸಿ, ಮತ್ತೆ ಮಲಗಿಸಿ. ಕೆಳಗೆ ಬೆರಣಿಯ ಕೆಂಡ, ಮುಚ್ಚಳದ ಮೇಲೂ ಕೆಂಡ. ಮೇಲಿನದು ಹೆಚ್ಚು, ಕೆಳಗಿನದು ಕಡಿಮೆ. ತೆಗೆದ ಕೂಡಲೆ ಮೇಲೆ ಬೆಣ್ಣೆ ಸವರಿ ಬಟ್ಟೆ ಮುಚ್ಚಿದರೆ ಮೆತ್ತಗಿರುತ್ತದೆ.

ಸಮಯ ಗಂಟೆ ಲೆಕ್ಕದಲ್ಲಿ ನನಗೆ ಗೊತ್ತಿಲ್ಲ. ಹಿಟ್ಟಿಗೇ ಗೊತ್ತಿರುತ್ತದೆ.

ಕೆನೆವೆಯ ಎಡಗಿವಿಯ ಹಿಂದೆ ಚಳಿಗೆ ಒಡೆಯುತ್ತದೆ, ಬೆಣ್ಣೆ ಮುಗಿಸುವ ಮುಂಚೆ ಅಲ್ಲಿಗೂ ಸ್ವಲ್ಪ ಸವರಿ.

ಪುಲೆಂಗ್

---

ಹಾ ರಾಸೆಬೆಲೊ
೩ ಜೂನ್ ೧೯೯೩

ಪುಲೆಂಗ್‌ಗೆ,

ನಿನ್ನ ಸೂಚನೆಗಳ ಪ್ರಕಾರ ಶನಿವಾರ ಪ್ರಯತ್ನಿಸಲಾಯಿತು. ಫಲಿತಾಂಶ ಶೂನ್ಯ.

ನೀನು 'ಬಿಸಿ ನೀರು' ಎಂದು ಬರೆದಿದ್ದೆ. ನಾನು ಚಹಾಕ್ಕೆ ಕುದಿಸುವಂತೆ ಕುದಿಸಿ ಸುರಿದೆ. ಹಿಟ್ಟು ಬೆಳಿಗ್ಗೆ ಇದ್ದಷ್ಟೇ ಮಧ್ಯಾಹ್ನವೂ ಇತ್ತು, ಸಂಜೆಯೂ ಇತ್ತು. ಅದನ್ನೇ ಬೇಯಿಸಿದೆ. ಪಕ್ಕದ ಮನೆಯ ಮಾಪೊಂತ್ಸೊ, ಅವಳ ಸ್ವಭಾವ ನಿನಗೆ ಗೊತ್ತಲ್ಲ, ಕರೆಯದೆಯೇ ಬಂದು ಒಂದನ್ನು ಎತ್ತಿ ಗೋಡೆಗೆ ಕುಟ್ಟಿ ನೋಡಿದಳು. "ಟೀಚರಮ್ಮ, ಇನ್ನೊಂದು ಇಪ್ಪತ್ತು ಮಾಡ್ಬಿಡಿ. ದನದ ದೊಡ್ಡಿ ಗೋಡೆ ಆ ಕಡೆ ಬಿದ್ದೋಗಿದೆ," ಎಂದಳು. ಮಗು ನಕ್ಕಿತು. ಮಾರ್ಚ್ ತಿಂಗಳಿಂದ ಅವಳು ನಕ್ಕಿರಲಿಲ್ಲವಾದ್ದರಿಂದ ನಾನು ಮಾಪೊಂತ್ಸೊಳನ್ನು ಗದರಲಿಲ್ಲ.

'ಹಿಟ್ಟು ಕೇಳುವಷ್ಟು' ಎಂಬುದು ಅಳತೆಯಲ್ಲ. 'ಹಿಟ್ಟಿಗೇ ಗೊತ್ತಿರುತ್ತದೆ' ಎಂಬುದು ಸಮಯವಲ್ಲ. ಮೂವತ್ತೇಳು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ನಾನು ಇಂಥ ಪಾಠ ಮಾಡಿಲ್ಲ. ಮತ್ತೊಮ್ಮೆ ಸ್ಪಷ್ಟವಾಗಿ ಬರೆ.

ಕಿವಿಗೆ ಬೆಣ್ಣೆ ಹಚ್ಚಿದ್ದೇನೆ.

ಇತಿ,
ಮಾತುಮೆಲೊ ಯು. ಮಾಖೇಥಾ

---

ಮಸೇರು
೧೦ ಜೂನ್ ೧೯೯೩

ಅಮ್ಮನವರಿಗೆ,

ನಿಮ್ಮ ಪತ್ರವನ್ನು ಬೇಕರಿಯಲ್ಲಿ ಊಟದ ಬಿಡುವಿನಲ್ಲಿ ಓದಿದೆ. ದೊಡ್ಡಿಯ ಗೋಡೆಯ ಮಾತಿಗೆ ನಗು ಬಂತು, ಆಮೇಲೆ ಅವಳು ನಕ್ಕಳು ಎಂದು ಬರೆದದ್ದಕ್ಕೆ ಇನ್ನೇನೋ ಬಂತು. ಕಣ್ಣಿಗೆ ಹಿಟ್ಟು ಬಿತ್ತು ಎಂದು ಜೊತೆಯವರಿಗೆ ಹೇಳಿದೆ.

ಯೀಸ್ಟ್ ಜೀವ ಇರುವಂಥದ್ದು ಅಮ್ಮ. ಕುದಿಯುವ ನೀರಿನಲ್ಲಿ ಸಾಯುತ್ತದೆ. ಹಸುಗೂಸಿಗೆ ಸ್ನಾನ ಮಾಡಿಸಲು ನೀರು ಬೆರೆಸಿ ಮೊಣಕೈ ಅದ್ದಿ ನೋಡುತ್ತೀರಲ್ಲ, ಅಷ್ಟೇ ಬಿಸಿ. ಮೊದಲು ಅರ್ಧ ಲೋಟ ಆ ನೀರಿಗೆ ಸಕ್ಕರೆ, ಯೀಸ್ಟ್ ಹಾಕಿ ಬಿಡಿ. ನೊರೆ ಬಂದರೆ ಬದುಕಿದೆ. ನೊರೆ ಬರದಿದ್ದರೆ ಹಿಟ್ಟು ಹಾಳು ಮಾಡಬೇಡಿ. ನಾದಲು ಶುರು ಮಾಡಿದಾಗ ಕೈಗೆ ಅಂಟುತ್ತದೆ, ಹೆದರಿ ಹಿಟ್ಟು ಸುರಿಯಬೇಡಿ, ಅಂಟಲಿ. ನಾದುತ್ತಾ ನಾದುತ್ತಾ ತಾನೇ ಬಿಡುತ್ತದೆ. ಕಿವಿಯ ಹಾಲೆಯಷ್ಟು ಮೆತ್ತಗಾದಾಗ ಸಾಕು. ಹೊದಿಸಿ ಬೆಚ್ಚಗೆ ಇಡಿ, ದಪ್ಪ ಕಂಬಳಿ ಬೇಕು. ಬೆರಳಿನಿಂದ ಒತ್ತಿದರೆ ಗುಳಿ ನಿಧಾನವಾಗಿ ಮೇಲೆ ಬರಬೇಕು. ತಟ್ಟನೆ ಬಂದರೆ ಇನ್ನೂ ಮಲಗಬೇಕು. ಬರದೇ ಹೋದರೆ ತಡವಾಯಿತು.

ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ನನಗೆ ಬರುವುದಿಲ್ಲ. ಏಳನೇ ತರಗತಿವರೆಗೆ ಓದಿದವಳು.

ಶಾಲೆಗೆ ಜೂನ್-ಜುಲೈ ಚಳಿಗಾಲದ ರಜೆ ಬರುತ್ತದೆ. ಮೂರು ವಾರ ಕಳಿಸಿ. ನನ್ನ ಕೋಣೆ ಸಣ್ಣದು, ಆದರೆ ಗೋಡೆಯ ಆಚೆ ಬೇಕರಿಯ ಒಲೆ, ರಾತ್ರಿಯೆಲ್ಲ ಬೆಚ್ಚಗಿರುತ್ತದೆ. ಬಸ್ ಕಂಡಕ್ಟರ್ ನಮ್ಮ ಕಡೆಯವನೇ. ಮೂರೇ ವಾರ.

ಪುಲೆಂಗ್

---

ಹಾ ರಾಸೆಬೆಲೊ
೨೧ ಜೂನ್ ೧೯೯೩

ಪುಲೆಂಗ್‌ಗೆ,

ಮೊದಲು ಬನ್ನಿನ ವಿಚಾರ. ನೊರೆ ಬಂತು. ನಾನು ಅದನ್ನು ಎರಡು ಬಾರಿ ನೋಡಿ ಖಚಿತಪಡಿಸಿಕೊಂಡೆ. ನಾದುವಾಗ ಅಂಟಿತು, ನೀನು ಹೆದರಬೇಡಿ ಎಂದದ್ದರಿಂದ ಹೆದರಲಿಲ್ಲ, ಆದರೆ ಬಾಗಿಲು ತಟ್ಟಿದ ಪಾದ್ರಿಗಳಿಗೆ ಎರಡು ಕೈಯಲ್ಲೂ ಹಿಟ್ಟು ಹಿಡಿದುಕೊಂಡು ಮೊಣಕೈಯಿಂದ ಬಾಗಿಲು ತೆರೆಯಬೇಕಾಯಿತು. ಮೇಜುಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿ, ಗಡಿಯಾರ ನೋಡಿ ಸರಿಯಾಗಿ ಒಂದು ಗಂಟೆಗೆ ತೆರೆದೆ. ಹೊರಗೆ ಬಕೆಟ್ಟಿನ ನೀರು ಹೆಪ್ಪುಗಟ್ಟಿತ್ತು. ಹಿಟ್ಟು ಅಲ್ಪಸ್ವಲ್ಪ ಉಬ್ಬಿತ್ತು. ಒಂದು ಗಂಟೆ ಎಂದರೆ ಒಂದು ಗಂಟೆ ಎಂದು ಒಲೆಗೇರಿಸಿದೆ. ಒಳಗೆ ಜಿಗುಟು, ಹೊರಗೆ ಹಲಗೆ. ಮಗು ಒಂದನ್ನು ಬಿಡಿಸಿ ನೋಡಿ, "ಅಜ್ಜಿ, ಇದಿನ್ನೂ ನಿದ್ದೆ ಮುಗ್ಸಿಲ್ಲ. ನೀನು ಬೇಗ ಎಬ್ಬಿಸ್ಬಿಟ್ಟೆ," ಎಂದು ಹೇಳಿ ನನ್ನ ಬೆನ್ನು ತಟ್ಟಿದಳು. ವಿದ್ಯಾರ್ಥಿಗಳ ಬೆನ್ನು ತಟ್ಟಿದ ಕೈ ನನ್ನದು. ನನ್ನ ಬೆನ್ನನ್ನು ಯಾರೂ ತಟ್ಟಿದ ನೆನಪಿಲ್ಲ.

ಎರಡನೆಯದಾಗಿ, ನಿನ್ನ ಕೋರಿಕೆ. ಸಾಧ್ಯವಿಲ್ಲ.

ಕಾರಣಗಳನ್ನು ನೀನು ಬಲ್ಲೆ. ತುಮೆಲೊ ತೀರಿಕೊಂಡದ್ದು ಕಳೆದ ಅಕ್ಟೋಬರಿನಲ್ಲಿ. ಗಂಡನ ಮನೆಯ ಹಿರಿಯರು ಒಂದು ವರ್ಷ ತುಂಬಿದ ಮೇಲೆ ಕುಳಿತು, ತಾವೇ ಕತ್ತರಿಸಿ ತೆಗೆಯಬೇಕಾದದ್ದು ವಿಧವೆಯ ಕಪ್ಪು ಬಟ್ಟೆ. ನೀನು ಫೆಬ್ರವರಿಯಲ್ಲಿ ಕೆಲಸ ಹುಡುಕುತ್ತೇನೆಂದು ಪಟ್ಟಣಕ್ಕೆ ಹೋದೆ. ಮಾರ್ಚಿನಲ್ಲಿ ಆ ಬಟ್ಟೆ ಸಕ್ಕರೆಯ ಚೀಲದಲ್ಲಿ ಸುತ್ತಿಕೊಂಡು, ಬಸ್ ಕಂಡಕ್ಟರನ ಕೈಯಲ್ಲಿ ಈ ಅಂಗಳಕ್ಕೆ ಬಂತು. ಐದೇ ತಿಂಗಳು. ನನ್ನ ಮಗನಿಗಾಗಿ ನೀನು ಐದು ತಿಂಗಳು ಕಪ್ಪು ಬಟ್ಟೆ ಉಟ್ಟೆ. ಅಂದು ನಾನು, ನೀನಿನ್ನು ಈ ಅಂಗಳ ತುಳಿಯಬಾರದು ಎಂದು ಅದೇ ಕಂಡಕ್ಟರನ ಮೂಲಕ ಹೇಳಿ ಕಳಿಸಿದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಕನ್ಯಾಶುಲ್ಕವಾಗಿ ನಿನ್ನ ತಂದೆಗೆ ನಾವು ಹನ್ನೆರಡು ದನ ಕೊಟ್ಟಿದ್ದೇವೆ. ಊರ ಮುಖ್ಯಸ್ಥರ ಮುದ್ರೆಯಿರುವ ಕರಾರು ನನ್ನ ಪೆಟ್ಟಿಗೆಯಲ್ಲಿದೆ. ಮಗು ದನಗಳಿಗೆ, ಅಂದರೆ ದನ ಕೊಟ್ಟ ಮನೆಗೆ, ಸೇರಿದ್ದು ಎಂದು ನಮ್ಮ ಹಿರಿಯರು ಹೇಳಿದ್ದನ್ನು ನಾನು ಹೊಸದಾಗಿ ಹೇಳುತ್ತಿಲ್ಲ. ಈ ಮನೆಯಲ್ಲಿ ತುಮೆಲೊನ ಪಾಲಿಗೆ ಉಳಿದಿರುವುದು ಅವಳೊಬ್ಬಳು.

ಇತಿ,
ಮಾತುಮೆಲೊ ಯು. ಮಾಖೇಥಾ

---

ಹಾ ರಾಸೆಬೆಲೊ
೯ ಜುಲೈ ೧೯೯೩

ಪುಲೆಂಗ್‌ಗೆ,

ನನ್ನ ಕಳೆದ ಪತ್ರಕ್ಕೆ ಉತ್ತರ ಬಂದಿಲ್ಲ. ಹಿಮದಿಂದ ಬಸ್ಸು ನಿಂತದ್ದು ಕಾರಣವಿರಬಹುದೆಂದು ಭಾವಿಸಿದ್ದೇನೆ. ಆದರೆ ಬಸ್ಸು ಸೋಮವಾರ ಬಂತು.

ಎರಡು ಶನಿವಾರಗಳು ಮತ್ತೆ ವ್ಯರ್ಥವಾದವು. ಒಂದರಲ್ಲಿ ಬೆಚ್ಚಗಿರಲೆಂದು ಪಾತ್ರೆಯನ್ನು ಒಲೆಯ ಮಗ್ಗುಲಿಗೇ ಇಟ್ಟೆ. ಒಂದು ಬದಿ ಬೆಂದು, ಇನ್ನೊಂದು ಬದಿ ತಣ್ಣಗೇ ಉಳಿಯಿತು. ಮತ್ತೊಂದರಲ್ಲಿ ಗಡಿಯಾರವನ್ನು ಬಿಟ್ಟು ಬೆರಳನ್ನು ನಂಬಿದೆ. ಗುಳಿ ಬಿತ್ತು. ಅದು ನಿಧಾನವಾಗಿ ಮೇಲೆ ಬರುತ್ತಿದೆಯೋ, ಬರುತ್ತಲೇ ಇಲ್ಲವೋ ಎಂದು ನನಗೆ ತಿಳಿಯಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ. ಆಗಲೂ ತಿಳಿಯಲಿಲ್ಲ.

ಮಗುವನ್ನು ಕ್ಲಿನಿಕ್ಕಿಗೆ ಕರೆದೊಯ್ದಿದ್ದೆ. ಅಲ್ಲಿನ ನರ್ಸ್ ನನ್ನ ಹಳೆಯ ವಿದ್ಯಾರ್ಥಿನಿ. ತೂಕದ ಪುಸ್ತಕದಲ್ಲಿ ಗೀಟು ಎಳೆದು ನನ್ನ ಮುಖ ನೋಡಿದಳು. ಆ ಗೀಟು ಏಪ್ರಿಲಿನಿಂದ ಕೆಳಕ್ಕೆ ಇಳಿಯುತ್ತಿದೆ. ಮನೆಯಲ್ಲಿ ಏನು ಕೊಡುತ್ತೀರಿ ಎಂದು ಕೇಳಿದಳು, ಗೌರವದಿಂದಲೇ ಕೇಳಿದಳು. ಎಲ್ಲವನ್ನೂ ಕೊಡುತ್ತೇನೆ ಎಂದೆ. ನನ್ನ ಶಾಲೆಯಲ್ಲಿ ಪಾಠ ಒಪ್ಪಿಸದೆ ನಿಂತ ಮಕ್ಕಳು ಹೀಗೆಯೇ ಎಲ್ಲವನ್ನೂ ಓದಿದ್ದೇನೆ ಎನ್ನುತ್ತಿದ್ದರು.

ಕಾಯಿಲೆಯೇನೂ ಇಲ್ಲವಂತೆ. ಕಾಯಿಲೆಯಿಲ್ಲದ ಮೇಲೆ ಔಷಧವೂ ಇಲ್ಲ.

ಹಿಟ್ಟಿನಲ್ಲಿ ನಾನು ಮಾಡುತ್ತಿರುವ ತಪ್ಪು ಯಾವುದೆಂದು ತಿಳಿಸು. ಈ ಸಲ ನಿನ್ನ ಪತ್ರವನ್ನು ತಿದ್ದುವುದಿಲ್ಲ.

ಮಾತುಮೆಲೊ ಮಾಖೇಥಾ

---

ಮಸೇರು
೧೫ ಜುಲೈ ೧೯೯೩

ಅಮ್ಮನವರಿಗೆ,

ಬಸ್ಸಿನ ತಪ್ಪಲ್ಲ. ನಾನೇ ಬರೆಯಲಿಲ್ಲ. ಬರೆದದ್ದನ್ನೆಲ್ಲ ಒಲೆಗೆ ಹಾಕಿದೆ. ಬೇಕರಿಯ ಒಲೆ ದೊಡ್ಡದು, ಎಷ್ಟು ಹಾಕಿದರೂ ಹಿಡಿಸುತ್ತದೆ.

ಐದು ತಿಂಗಳು ಎಂದು ಎಣಿಸಿದ್ದೀರಿ. ನಾನೂ ಎಣಿಸಿದ್ದೆ. ಜನವರಿಯಲ್ಲಿ ಹಿರಿಯರು ಕೂತಾಗ, ಈ ಹುಡುಗಿ ಮುಂದೇನು ಮಾಡುತ್ತಾಳೆ ಎಂದು ಚಿಕ್ಕಪ್ಪ ಕೇಳಿದರು. ನಾನು ಚಹಾ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ನೀವು ಹೇಳಿದಿರಿ: "ಹಿಟ್ಟು ನಾದೋದೊಂದು ಬಿಟ್ರೆ ಇವಳಿಗೆ ಏನು ಬರುತ್ತೆ?" ಎಲ್ಲರೂ ನಕ್ಕರು, ನೀವು ನಗಲಿಲ್ಲ. ನೀವು ನಕ್ಕಿದ್ದರೆ ತಮಾಷೆ ಅಂದುಕೊಂಡು ಬಿಡುತ್ತಿದ್ದೆ. ಬರುವುದು ಅದೊಂದೇ ಆದ್ದರಿಂದ ಅದನ್ನೇ ಹುಡುಕಿಕೊಂಡು ಬಂದೆ.

ನಾಲ್ಕು ಬೇಕರಿ ಸುತ್ತಿದೆ. ಕಪ್ಪು ಬಟ್ಟೆ ನೋಡಿ ಮೂವರು ಒಳಗೇ ಬಿಡಲಿಲ್ಲ. ನಾಲ್ಕನೆಯವನು ಒಳ್ಳೆಯವನು, ಮೆಲ್ಲಗೇ ಹೇಳಿದ: "ಸಾವಿನ ನೆರಳು ಇರೋ ಕೈಯಿಂದ ಯಾರೂ ಬ್ರೆಡ್ ತಗೊಳಲ್ಲ ತಾಯಿ. ಅದನ್ನ ತೆಗೆದು ಬಾ. ಇಲ್ಲಾಂದ್ರೆ ಊರಿಗೋಗಿ ವರ್ಷ ಮುಗಿಸ್ಕೊಂಡು ಬಾ." ಬೀದಿ ನಲ್ಲಿಯ ಹಿಂದೆ ಹೋಗಿ ತೆಗೆದೆ. ಕತ್ತರಿ ಇರಲಿಲ್ಲ, ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದೆ. ಹಿಡಿದುಕೊಳ್ಳಲು ಒಬ್ಬ ಹೆಂಗಸೂ ಪಕ್ಕದಲ್ಲಿರಲಿಲ್ಲ. ಬಿಸಾಡಲು ಮನಸ್ಸಾಗಲಿಲ್ಲ, ನನ್ನ ಹತ್ತಿರ ಇಟ್ಟುಕೊಳ್ಳುವ ಹಕ್ಕಿರಲಿಲ್ಲ, ಅದಕ್ಕೇ ಮನೆಗೆ ಕಳಿಸಿದೆ. ಅವಮಾನ ಮಾಡಲು ಕಳಿಸಿದೆನೆಂದು ನೀವು ಅಂದುಕೊಂಡಿರಿ.

ಹಿಟ್ಟಿನ ತಪ್ಪು ಕೇಳಿದ್ದೀರಿ. ನೀರು ಸರಿ, ಯೀಸ್ಟ್ ಸರಿ, ಕೈಯೂ ಈಗ ಸರಿಯಾಗಿರಬೇಕು. ನಮ್ಮ ಬೆಟ್ಟದ ಚಳಿಗೆ ಮೇಜುಬಟ್ಟೆ ಯಾವ ಲೆಕ್ಕ? ದಪ್ಪ ಕಂಬಳಿ ಎಂದು ಬರೆದಿದ್ದೆ. ನಾನು ಹೊದಿಸುತ್ತಿದ್ದದ್ದು ತುಮೆಲೊನ ಕಂಬಳಿ. ಶುಕ್ರವಾರ ರಾತ್ರಿ ಅವನು ಹೊದ್ದು ಮಲಗಿ ಶನಿವಾರ ಬೆಳಿಗ್ಗೆ ಎದ್ದ ಕೂಡಲೆ, ಬಿಸಿ ಆರುವ ಮುಂಚೆ, ಅದರಲ್ಲಿ ಪಾತ್ರೆ ಸುತ್ತಿ ಹಾಸಿಗೆಯ ಮೇಲೇ ಇಡುತ್ತಿದ್ದೆ. ಅವನು ಬೈಯುತ್ತಿದ್ದ. "ನನ್ನ ಜಾಗಕ್ಕೆ ಹಿಟ್ಟು ಬಂದು ಮಲ್ಕೊಳ್ತು ನೋಡು," ಎಂದು ಮಗುವಿಗೆ ಹೇಳುತ್ತಿದ್ದ.

ಆ ಕಂಬಳಿ ನಿಮ್ಮ ಪೆಟ್ಟಿಗೆಯಲ್ಲಿದೆ. ನೀವು ಬೀಗ ಹಾಕಿದ್ದನ್ನು ನಾನು ನೋಡಿದ್ದೇನೆ.

ತೂಕದ ಗೀಟು ಎಲ್ಲಿಗೆ ಇಳಿದಿದೆ ಎಂದು ನೀವು ಬರೆದಿಲ್ಲ. ಎಷ್ಟಿದೆ ಎಂದು ಬರೆಯಿರಿ. ನಿಮಗೆ ಅಂಕಿಗಳು ಚೆನ್ನಾಗಿ ಬರುತ್ತವೆ.

ಪುಲೆಂಗ್

---

ಹಾ ರಾಸೆಬೆಲೊ
೧ ಆಗಸ್ಟ್ ೧೯೯೩, ಭಾನುವಾರ

ಪುಲೆಂಗ್,

ಹದಿನಾರು ಕಿಲೊ ಇನ್ನೂರು ಗ್ರಾಂ. ಏಪ್ರಿಲಿನಲ್ಲಿ ಹದಿನೆಂಟೂವರೆ ಇತ್ತು.

ನಿನ್ನ ಪತ್ರ ಬಂದು ಹತ್ತು ದಿನ ಪೆಟ್ಟಿಗೆಯ ಬೀಗದ ಕೈ ನನ್ನ ಕೊರಳಲ್ಲೇ ಇತ್ತು. ಆ ಕಂಬಳಿಯನ್ನು ನಾನು ಬಿಚ್ಚದೆ ಇಟ್ಟದ್ದು ಅದರಲ್ಲಿ ಅವನ ವಾಸನೆ ಉಳಿದಿರಲಿ ಎಂದು. ಹುಳು ಹಿಡಿಯದಿರಲಿ ಎಂದು ನಾನೇ ಇಟ್ಟ ನುಸಿಗುಳಿಗೆಯ ವಾಸನೆಯ ಹೊರತು ಅದರಲ್ಲಿ ಏನೂ ಇರಲಿಲ್ಲ. ಒಂಬತ್ತು ತಿಂಗಳು ನಾನು ಕಾವಲು ಕಾದದ್ದು ಅದಕ್ಕೆ.

ಎರಡು ದಿನ ಗಾಳಿಗೆ ಹಾಕಿದೆ. ಶುಕ್ರವಾರ ರಾತ್ರಿ ನಾನು ಮತ್ತು ಮಗು ಇಬ್ಬರೂ ಅದನ್ನೇ ಹೊದ್ದು ಮಲಗಿದೆವು. ಬೆಳಿಗ್ಗೆ ಬಿಸಿ ಆರುವ ಮುಂಚೆ ಪಾತ್ರೆ ಸುತ್ತಿ ಹಾಸಿಗೆಯ ಮೇಲಿಟ್ಟೆವು. ನಾನು ಗಡಿಯಾರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಮಗು ಎರಡು ಮೂರು ಸಲ ಹೋಗಿ ಕಂಬಳಿಯ ಮೇಲೆ ಕಿವಿ ಇಟ್ಟು ಬಂದಳು. ಬಹಳ ಹೊತ್ತಿನ ಮೇಲೆ, "ಅಜ್ಜಿ, ಎದ್ದೈತೆ," ಎಂದಳು.

ತೆರೆದಾಗ ಹಿಟ್ಟು ಪಾತ್ರೆಯ ಅಂಚು ಮೀರಿ ಕಂಬಳಿಗೆ ತಾಗಿತ್ತು. ಬೆರಳೊತ್ತಿದೆ. ಗುಳಿ ಮೆಲ್ಲಗೆ ಮೇಲೆ ಬಂತು. ನಿಧಾನವೆಂದರೆ ಎಷ್ಟೆಂದು ಆಗ ತಿಳಿಯಿತು. ಬರೆದು ತಿಳಿಸುವುದು ನನ್ನಿಂದಲೂ ಆಗದು.

ಹನ್ನೆರಡು ಬನ್ನುಗಳಾದವು. ಒಂದನ್ನು ಇನ್ನೊಂದರಿಂದ ಬಿಡಿಸಿದರೆ ಹತ್ತಿಯಂತೆ ಎಳೆಯೆಳೆಯಾಗಿ ಬಂತು. ಮಾಪೊಂತ್ಸೊ ಎರಡು ತಿಂದು, "ದೊಡ್ಡಿ ಗೋಡೆಗೆ ಇನ್ಯಾರ್ನ ಕೇಳೋದೋ ಈಗ," ಎಂದು ಬಾಯಿ ಒರೆಸಿಕೊಂಡು ಹೋದಳು. ಮಗು ಒಂದನ್ನು ಪೂರ್ತಿ ತಿಂದಳು. ಇನ್ನೊಂದನ್ನು ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ, ನೀನು ಕೂರುತ್ತಿದ್ದ ಮಣೆಯ ಮುಂದಿಟ್ಟಳು. ಕೈ ತೊಳೆದು, ಬೂಟು ಹಾಕಿಕೊಂಡು ಬಾಗಿಲ ಬಳಿ ಹೋಗಿ ನಿಂತಳು.

"ಈಗ ಸರಿಯಾಯ್ತಲ್ಲ ಅಜ್ಜಿ," ಎಂದು ಕೇಳಿದಳು. "ಅವ್ವ ಎಷ್ಟೊತ್ತಿಗೆ ಬರ್ತಾಳೆ?"

ನಾನು ನಿನ್ನಿಂದ ಮುಚ್ಚಿಟ್ಟ ಸಂಗತಿಯೊಂದಿದೆ. ನೀನು ಹೋದ ದಿನ ಮಗು ಬಸ್ಸಿನ ಹಿಂದೆ ಓಡಿತು. ಹಿಡಿದು ತಂದೆ, ಅಳು ನಿಲ್ಲಲಿಲ್ಲ. ಮೂವತ್ತೇಳು ವರ್ಷ ಒಂದನೆಯ ತರಗತಿಯ ಅಳುವ ಮಕ್ಕಳನ್ನು ನಿಭಾಯಿಸಿದ ನಾನು, ಶನಿವಾರ ಬನ್ನು ಬೇಯುವ ಹೊತ್ತಿಗೆ ನಿನ್ನವ್ವ ಬಂದುಬಿಡುತ್ತಾಳೆ ಎಂದೆ. ಆಗ ಅಳು ನಿಂತಿತು. ನಾನು ಮರೆತೆ. ಅವಳು ಮರೆಯಲಿಲ್ಲ. ನೀನು ಬಂದಿಲ್ಲವೆಂದರೆ ಬನ್ನು ಆಗಿಲ್ಲವೆಂದು ಅವಳು ತಿಳಿದಿದ್ದಳು. ಅಂಗಡಿಯ ಬನ್ನಿಗೆ ನೀನು ಬರುವುದಿಲ್ಲವೆಂದೂ ತಿಳಿದಿದ್ದಳು. ಅವಳು ಹಸಿವನ್ನು ನಿನ್ನ ಜೊತೆ ಉಣ್ಣಲೆಂದು ಎತ್ತಿಟ್ಟುಕೊಂಡಿದ್ದಳು. ನಾನು ಐದು ಶನಿವಾರ ಹಿಟ್ಟು ನಾದಿದೆ.

ನಿನ್ನೆ ಅವಳು ಕತ್ತಲಾಗುವ ತನಕ ಬೂಟು ಬಿಚ್ಚಲಿಲ್ಲ. ನಾನು ಏನು ಹೇಳಬೇಕಿತ್ತು? ಇವತ್ತು ಅವಳು ಮುದ್ದೆಯನ್ನೂ ಮುಟ್ಟಿಲ್ಲ, ಬನ್ನನ್ನೂ ಮುಟ್ಟಿಲ್ಲ. ಕೋಪವಿಲ್ಲ. ನನ್ನ ಮಗ್ಗುಲಲ್ಲೇ ಕೂತಿದ್ದಾಳೆ, ನಾನು ಬರೆಯುವುದನ್ನು ನೋಡುತ್ತಿದ್ದಾಳೆ. ಅವಳಿಗೆ ಈಗ ನಿನ್ನ ಹೆಸರಿನ ಮೊದಲ ಅಕ್ಷರ ಓದಲು ಬರುತ್ತದೆ.

ನನಗೆ ತೋಚುತ್ತಿಲ್ಲ, ಪುಲೆಂಗ್. ಈ ವಾಕ್ಯವನ್ನು ನಾನು ಇದುವರೆಗೆ ಯಾರಿಗೂ ಬರೆದಿಲ್ಲ.

ಮಾತುಮೆಲೊ

---

ಮಸೇರು
೭ ಆಗಸ್ಟ್ ೧೯೯೩

ಅಮ್ಮ,

ನಿಮ್ಮ ಪತ್ರ ಹಿಡಿದು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಇಳಿದೆ. ಅಂಗಳ ತುಳಿಯಬಾರದು ಎಂದದ್ದು ಹಾಗೇ ಇದೆ. ಹಿರಿಯರು ಕತ್ತರಿಸದ ಬಟ್ಟೆಯ ನೆರಳು ನನ್ನ ಮೇಲಿದೆ ಎಂದು ಬೇರೆಯವರಿಗಿಂತ ಹೆಚ್ಚು ನಾನೇ ನಂಬುತ್ತೇನೆ. ಹಾಗೇ ಬಂದು ಅವಳನ್ನು ಎತ್ತಿಕೊಂಡರೆ, ಆಮೇಲೆ ಅವಳಿಗೆ ಏನಾದರೂ ಆದರೆ?

ಬರಲು ಆಗುತ್ತಿಲ್ಲ, ಬರದೆ ಇರಲೂ ಆಗುತ್ತಿಲ್ಲ. ಕೆಲಸದಲ್ಲಿ ನಿನ್ನೆ ಎರಡು ತಟ್ಟೆ ಬನ್ನು ಸುಟ್ಟೆ.

ಅವಳ ಬೂಟಿನ ಲಾಡಿ ಎರಡು ಗಂಟು ಹಾಕಿ ಕಟ್ಟಬೇಕು. ಒಂದೇ ಹಾಕಿದರೆ ತುಳಿದು ಬೀಳುತ್ತಾಳೆ.

ಕೆನೆವೆಯ ತಾಯಿ

---

ಹಾ ರಾಸೆಬೆಲೊ
೨೪ ಆಗಸ್ಟ್ ೧೯೯೩

ಮಾಕೆನೆವೆಗೆ,

ಕಳೆದ ಶನಿವಾರ ತುಮೆಲೊನ ಚಿಕ್ಕಪ್ಪನನ್ನೂ ಉಳಿದ ಹಿರಿಯರನ್ನೂ ಕರೆಸಿದೆ. ವರ್ಷ ತುಂಬಲು ಇನ್ನೂ ಎರಡು ತಿಂಗಳಿದೆ ಎಂದರು. ಇದೆ ಎಂದೆ. ವಿಧವೆ ಎದುರಿಗಿಲ್ಲದೆ ಕತ್ತರಿಸುವುದು ಹೇಗೆ ಎಂದು ಕೇಳಿದರು. ಬಟ್ಟೆ ಇದೆ, ಮೈ ಒಂದು ಬೇಕಲ್ಲವೇ ಎಂದು ನಾನೇ ನಿನ್ನ ಬಟ್ಟೆಯನ್ನು ಹೆಗಲಿಗೆ ಹೊದ್ದು ನಿನ್ನ ಮಣೆಯ ಮೇಲೆ ಕುಳಿತೆ. ಚಿಕ್ಕಪ್ಪ ಕತ್ತರಿ ಕೈಗೆ ತೆಗೆದುಕೊಂಡರು. ಆಮೇಲೆ, "ಅತ್ತಿಗೆ, ನೀವು ಟೀಚರ್. ಏನ್ ಮಾಡಿದ್ರೂ ಅದಕ್ಕೊಂದು ನಿಯಮ ಇದ್ದೇ ಇರ್ಬೇಕು," ಎಂದರು. ಇದಕ್ಕೆ ಇಲ್ಲ ಎಂದೆ. ಕತ್ತರಿಸಿದರು. ನಿನ್ನ ಹಲ್ಲಿನ ಗುರುತು ಇದ್ದ ಕಡೆಯಿಂದಲೇ ಕತ್ತರಿ ಹಾಕಿದರು. ಶುದ್ಧಿಗೆಂದು ಕುರಿ ಕೊಯ್ದೆವು. ನಿನ್ನ ಮೇಲೆ ಯಾವ ನೆರಳೂ ಇಲ್ಲ. ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಅಂಗಳ ನಿನ್ನದು.

ಆದರೆ ನೀನು ಬರುವ ತನಕ ಕಾಯುವ ಶಕ್ತಿ ಅವಳಲ್ಲಿ ಉಳಿದಿಲ್ಲ, ಅವಳು ಕಾಯುವುದನ್ನು ನೋಡುವ ಶಕ್ತಿ ನನ್ನಲ್ಲಿಲ್ಲ. ಶುಕ್ರವಾರದ ಬಸ್ಸಿಗೆ ಮಾಪೊಂತ್ಸೊ ಅವಳನ್ನು ಕರೆತರುತ್ತಾಳೆ. ನಾನು ಬರುವುದಿಲ್ಲ. ಬಂದರೆ ಹಿಂದಿರುಗುವಾಗ ಅವಳ ಕೈ ಬಿಡಿಸಿಕೊಳ್ಳಬೇಕಾಗುತ್ತದೆ, ಅಥವಾ ಬಿಡಿಸಿಕೊಳ್ಳುವ ಅಗತ್ಯವೇ ಬೀಳದೆ ಹೋಗಬಹುದು. ಎರಡನ್ನೂ ನಾನು ತಡೆಯಲಾರೆ. ಮೂರು ವಾರ ಎಂದು ನೀನು ಕೇಳಿದ್ದೆ. ಎಷ್ಟು ದಿನವೆಂದು ನಾನು ಬರೆಯುತ್ತಿಲ್ಲ.

ಲಾಡಿಗೆ ಎರಡು ಗಂಟು ಹಾಕಿರುತ್ತೇನೆ. ತುಮೆಲೊನ ಕಂಬಳಿಯನ್ನು ಅವಳಿಗೆ ಹೊದಿಸಿ ಕಳಿಸುತ್ತೇನೆ. ಬಸ್ಸು ಸಂಜೆ ತಲಪುತ್ತದೆ. ಮಾರನೆಯ ದಿನ ಶನಿವಾರ.

ಬನ್ನು ಬೇಯುವ ಹೊತ್ತಿಗೆ ನಿನ್ನವ್ವ ಸಿಗುತ್ತಾಳೆ ಎಂದು ಅವಳಿಗೆ ಮತ್ತೊಮ್ಮೆ ಹೇಳಿದ್ದೇನೆ. "ಯಾರು ಮಾಡೋ ಬನ್ನು?" ಎಂದು ಕೇಳಿದಳು. ನಂಬುವ ಮುಂಚೆ ವಿಚಾರಿಸುವುದನ್ನು ಕಲಿತಿದ್ದಾಳೆ. ಅದನ್ನು ಕಲಿಸಿದವಳು ನಾನೇ.

ಇತಿ,
ಮಾತುಮೆಲೊ ಯುಫೆಮಿಯಾ ಮಾಖೇಥಾ

ಲಗತ್ತುಗಳು:

೧. ಕೆನೆವೆಯ ದೀಕ್ಷಾಸ್ನಾನದ ಪ್ರಮಾಣಪತ್ರ.

೨. ಕ್ಲಿನಿಕ್ಕಿನ ತೂಕದ ಪುಸ್ತಕ. ಗೀಟು ಮೇಲೇರಿದ ತಿಂಗಳು ನನಗೆ ತಿಳಿಸತಕ್ಕದ್ದು.

೩. ಒಂದನೆಯ ತರಗತಿಯ ಅರ್ಧವಾರ್ಷಿಕ ಅಂಕಪಟ್ಟಿ. ಓದು ಉತ್ತಮ. ಗಮನ: ಕಿಟಕಿಯ ಕಡೆ.

೪. ಕಪ್ಪು ಬಟ್ಟೆ ತೆಗೆದ ಬಗ್ಗೆ ಹಿರಿಯರ ಹೇಳಿಕೆ, ಮುಖ್ಯಸ್ಥರ ಮುದ್ರೆಯೊಂದಿಗೆ.

೫. ಹನ್ನೆರಡು ದನಗಳ ಕರಾರು. ಮೂಲಪ್ರತಿ. ನನ್ನ ಬಳಿ ನಕಲು ಇಟ್ಟುಕೊಂಡಿಲ್ಲ.

೬. ಬನ್ನು ಮಾಡುವ ವಿಧಾನ, ನಾನು ಬರೆದದ್ದು, ಎರಡು ಪುಟ. ಜೊತೆಗೆ ನನ್ನ ಕೆಂಪು ಶಾಯಿಯ ಪೆನ್ನು. ತಿದ್ದಿ ಕಳಿಸು.